ಒಡೆದ ಬಾಟಲಿಗೆ ನಾನು ಹೊಣೆ, ಒಡೆಯದ್ದಕ್ಕಲ್ಲ

ಮೂರು ವಾರದಿಂದ ಬರೆಯಬೇಕು ಅಂದುಕೊಂಡು ಸುಮ್ಮನಿದ್ದೆ. ನಿನ್ನೆ ಪರಿಚಯದ ಅಕ್ಕ ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು. ಯಾವುದೋ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಉಪ್ಪಿನಕಾಯಿಯ ಹೆಸರು ಹಾಕಿ, ‘ಇವರು ಮೋಸಗಾರರು, ಯಾರೂ ದುಡ್ಡು ಕಳಿಸಬೇಡಿ’ ಎಂದು ಬರೆದಿದ್ದಾರೆ. ಬರೆದವರು ಯಾರೆಂದು ನನಗೆ ಗೊತ್ತು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಅತ್ತೆ, ನಾನು, ಜೊತೆಗೆ ಕೆಲಸಕ್ಕೆ ಬರುವ ಇಬ್ಬರು ಹೆಂಗಸರು ಸೇರಿ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನ ಮಿಡಿಯ, ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಒಬ್ಬರು ಫೋನ್ ಮಾಡಿದರು. ಗೃಹಪ್ರವೇಶಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಡಲು ಕಾಲು ಕೆಜಿಯ 30 ಬಾಟಲಿ ಬೇಕು, ಗಾಜಿನದೇ ಆಗಬೇಕು ಅಂದರು. ನಾವು ದೂರದೂರಿಗೆ ಕಳಿಸುವುದು ಪ್ಲಾಸ್ಟಿಕ್ ಜಾರ್‌ನಲ್ಲಿ. ಗಾಜು ಕಳಿಸಿದರೆ ದಾರಿಯಲ್ಲಿ ಒಡೆಯಬಹುದು ಸರ್, ಪ್ಲಾಸ್ಟಿಕ್‌ನಲ್ಲೇ ಒಳ್ಳೆಯ ಲೇಬಲ್ ಹಾಕಿ ಕೊಡುತ್ತೇನೆ ಅಂದೆ. ‘ಪ್ಲಾಸ್ಟಿಕ್ ಕೊಟ್ಟರೆ ನೆಂಟರ ಮುಂದೆ ಮರ್ಯಾದೆ ಇರಲ್ಲ ಮೇಡಂ, ನೀವು ಗಟ್ಟಿಯಾಗಿ ಪ್ಯಾಕ್ ಮಾಡಿ’ ಅಂದರು. ಒಪ್ಪಿದೆ. ನನ್ನ ತಪ್ಪು ಅಲ್ಲಿದೆ. ಆಗುವುದಿಲ್ಲ ಅನ್ನಬೇಕಿತ್ತು. 30 ಬಾಟಲಿಯ ಆರ್ಡರ್ ಬಿಡಲು ಮನಸ್ಸು ಬರಲಿಲ್ಲ.

ಪ್ಯಾಕಿಂಗ್ ಎಷ್ಟು ಮಾಡಿದೆ ಎಂದು ನನ್ನ ಕೈಗೆ ಗೊತ್ತು. ಪ್ರತಿ ಬಾಟಲಿಯ ಬಾಯಿಗೆ ಸೀಲ್ ಒತ್ತಿ, ಮುಚ್ಚಳದ ಸುತ್ತ ಟೇಪ್ ಎಳೆದು, ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಮೇಲೆ ಎರಡು ಸುತ್ತು ಬಬಲ್ ರ‍್ಯಾಪ್ ಸುತ್ತಿದೆ. ದಪ್ಪ ರಟ್ಟಿನ ಡಬ್ಬದಲ್ಲಿ ಬಾಟಲಿಗೊಂದರಂತೆ ರಟ್ಟಿನ ಖಾನೆ ಮಾಡಿ, ಸಂದಿಗೆಲ್ಲ ಒಣಹುಲ್ಲು ತುರುಕಿದೆ. ಸೊಂಟದೆತ್ತರದಿಂದ ಅಂಗಳಕ್ಕೆ ಮೂರು ಸಲ ಬೀಳಿಸಿ, ಕಿವಿಗೊಟ್ಟು ಕೇಳಿ, ಆಮೇಲೇ ಡಬ್ಬಗಳನ್ನು ಕೊರಿಯರ್‌ಗೆ ಕೊಟ್ಟದ್ದು. ಆದರೂ 6 ಬಾಟಲಿ ಒಡೆದವು. ಮೂರರ ಲೇಬಲ್ಲಿಗೆ ಖಾರದ ರಸ ಹತ್ತಿ ಯಾರ ಕೈಗೂ ಕೊಡುವಂತಿರಲಿಲ್ಲ.

ಅವರು ಕಳಿಸಿದ ಫೋಟೋ ನೋಡಿದಾಗ ಹೊಟ್ಟೆಯೊಳಗೆ ಹಿಂಡಿದಂತಾಯಿತು. ಡಬ್ಬದ ಒಂದು ಮೂಲೆ ಪೂರ್ತಿ ಜಜ್ಜಿಹೋಗಿತ್ತು. ಹುಲ್ಲು ಕೆಂಪಾಗಿತ್ತು. ಗಾಜಿನ ಚೂರುಗಳ ನಡುವೆ ಮಿಡಿಗಳು ಬಿದ್ದಿದ್ದವು. ಆ ಮಿಡಿಗಳ ಕಥೆ ನಿಮಗೆ ಗೊತ್ತಿರಬೇಕು. ಕಾಡಿನ ಮರ ಹತ್ತಿ, ತೊಟ್ಟು ಮುರಿಯದಂತೆ ಗೊಂಚಲು ಕೊಯ್ದು, ಚೀಲಕ್ಕೆ ಹಾಕಿ, ಹಗ್ಗದಲ್ಲಿ ನಿಧಾನಕ್ಕೆ ಕೆಳಗಿಳಿಸುತ್ತಾರೆ. ನೆಲಕ್ಕೆ ಬಿದ್ದ ಮಿಡಿಯನ್ನು ನಾವು ಉಪ್ಪಿನಕಾಯಿಗೆ ಹಾಕುವುದಿಲ್ಲ. ಪೆಟ್ಟಾದ ಜಾಗ ಉಪ್ಪುನೀರಿನಲ್ಲಿ ಮೆತ್ತಗಾಗಿ, ಜೊತೆಯ ಮಿಡಿಗಳನ್ನೂ ಕೆಡಿಸುತ್ತದೆ. ಅತ್ತೆ ಒಂದೊಂದನ್ನೂ ಬೆರಳಲ್ಲಿ ಒತ್ತಿ, ಮೂಗಿಗೆ ಹಿಡಿದು, ಸೊನೆಯ ಪರಿಮಳ ನೋಡಿ ಆರಿಸುತ್ತಾರೆ. ಉಪ್ಪಿನಲ್ಲಿ ವಾರಗಟ್ಟಲೆ ಕೂತು ಮುರುಟಿದ ಮೇಲೆ ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನದ ಜೊತೆ ಸೇರಿ ಭರಣಿಗೆ ಹೋಗುತ್ತದೆ. ಒಂದು ಮಿಡಿಯೂ ನೆಲಕ್ಕೆ ಬೀಳಬಾರದೆಂದು ಹಗ್ಗ ಹಿಡಿದು ಇಳಿಸಿದ್ದನ್ನು ಯಾವುದೋ ಗೋಡೌನಿನಲ್ಲಿ ಲಾರಿಯಿಂದ ಎತ್ತಿ ಎಸೆದಿದ್ದಾರೆ.

ಅವರು ಫೋನ್ ಮಾಡಿದ್ದು ರಾತ್ರಿ ಎಂಟೂವರೆಗೆ. ಒಂಬತ್ತರೊಳಗೆ 9 ಬಾಟಲಿಯ ದುಡ್ಡು ವಾಪಸ್ ಹಾಕಿದೆ. ಬಾಟಲಿಗೆ 180ರಂತೆ 1,620 ರೂಪಾಯಿ. ಕ್ಷಮೆ ಕೇಳಿದೆ. ಒಂದು ವಾದವನ್ನೂ ಮಾಡಲಿಲ್ಲ. ಗಾಜು ಬೇಕೆಂದು ನೀವೇ ಹೇಳಿದ್ದಲ್ಲವೇ ಎಂದು ಕೇಳಲಿಲ್ಲ. ಒಡೆದದ್ದು ನನ್ನ ಜವಾಬ್ದಾರಿ ಎಂದು ಇವತ್ತಿಗೂ ನಂಬುತ್ತೇನೆ. ದುಡ್ಡು ಕೊಟ್ಟವರ ಕೈಗೆ ಸರಕು ಸರಿಯಾಗಿ ಮುಟ್ಟುವವರೆಗೆ ಅದು ನನ್ನದೇ.

ಮಾರನೆಯ ದಿನ ಅವರ ಮಾತು ಬದಲಾಯಿತು. ಡಬ್ಬ ಎತ್ತಿಡುವಾಗ ಅವರ ಮನೆಯವರ ರೇಷ್ಮೆ ಸೀರೆಗೆ ರಸ ತಾಗಿತಂತೆ, ಅದಕ್ಕೆ 8,000 ಕೊಡಬೇಕು. ಶುಭಕಾರ್ಯದ ಮನೆಯಲ್ಲಿ ಗಾಜು ಒಡೆದು ಅಪಶಕುನ ಆಯಿತಂತೆ, ಹಾಗಾಗಿ 30 ಬಾಟಲಿಯ 5,400ನ್ನೂ ಪೂರ್ತಿ ಕೊಡಬೇಕು. ಹಾಗಾದರೆ ಉಳಿದ 21 ಬಾಟಲಿ ವಾಪಸ್ ಕಳಿಸಿ ಸರ್, ಕಳಿಸುವ ಖರ್ಚೂ ನನ್ನದೇ, ಬಂದ ದಿನವೇ ಪೂರ್ತಿ ದುಡ್ಡು ಹಾಕುತ್ತೇನೆ ಅಂದೆ. ಅವರು ಹೇಳಿದ್ದು ಇಷ್ಟು: ‘ಅವೆಲ್ಲ ಹಂಚಿ ಆಯ್ತಲ್ಲ.’

ಹಂಚಿ ಆಗಿದೆ. ನೆಂಟರು ಮನೆಗೆ ಒಯ್ದು ಮೊಸರನ್ನಕ್ಕೆ ನೆಂಚಿಕೊಂಡಿದ್ದಾರೆ. ಅದಕ್ಕೂ ದುಡ್ಡು ವಾಪಸ್ ಬೇಕು. ಸೀರೆಯ ಫೋಟೋ ಕೇಳಿದೆ. ಡ್ರೈ ಕ್ಲೀನಿಂಗ್ ಮಾಡಿಸಿ ಬಿಲ್ ಕಳಿಸಿ, ಕಲೆ ಹೋಗದಿದ್ದರೆ ಮುಂದಿನ ಮಾತು ಆಡೋಣ ಅಂದೆ. ಫೋಟೋವೂ ಬರಲಿಲ್ಲ, ಬಿಲ್ಲೂ ಬರಲಿಲ್ಲ. ದಿನಕ್ಕೆ ನಾಲ್ಕೈದು ಸಲ ಫೋನ್ ಬಂತು. ಹಳ್ಳಿಯವರಿಗೆ ವ್ಯಾಪಾರದ ನಿಯತ್ತು ಎಲ್ಲಿಂದ ಬರಬೇಕು ಎಂದರು. ಆ ಮಾತನ್ನು ಪಕ್ಕದಲ್ಲಿ ಸಾಸಿವೆ ಹಸನು ಮಾಡುತ್ತಿದ್ದ ಅತ್ತೆಯೂ ಕೇಳಿಸಿಕೊಂಡರು. ಎಪ್ಪತ್ತು ದಾಟಿದ ಹೆಂಗಸು. ಏನೂ ಹೇಳದೆ ಮೊರ ಕೆಳಗಿಟ್ಟು ಒಳಗೆ ಎದ್ದುಹೋದರು.

ಆವತ್ತು ಒಂದೇ ಒಂದು ಮೆಸೇಜ್ ಬರೆದೆ. ‘ಸರ್, ಒಡೆದ ಮತ್ತು ಹಾಳಾದ 9 ಬಾಟಲಿಯ ದುಡ್ಡು ಆವತ್ತೇ ಕೊಟ್ಟಿದ್ದೇನೆ. ಸೀರೆ ತೊಳೆಸಿದ ಬಿಲ್ ಕಳಿಸಿದರೆ ಅದನ್ನೂ ಕೊಡುತ್ತೇನೆ. ಚೆನ್ನಾಗಿ ಮುಟ್ಟಿ, ನೀವು ಹಂಚಿದ 21 ಬಾಟಲಿಯ ದುಡ್ಡು ಕೊಡುವುದಿಲ್ಲ. ಇನ್ನು ಮುಂದೆ ಏನೇ ಇದ್ದರೂ ಬರೆದು ಕಳಿಸಿ, ಫೋನ್ ಬೇಡ.’ ಅದಾದ ಮೇಲೆ ಫೋನ್ ಎತ್ತಲಿಲ್ಲ. ಹಾಗಾಗಿಯೇ ಈಗ ಗುಂಪಿನಲ್ಲಿ ಮೋಸಗಾರರಾಗಿದ್ದೇವೆ.

ಅಷ್ಟಕ್ಕೇ ಯಾಕೆ ಹಟ, ಕೊಟ್ಟು ಕೈತೊಳೆದುಕೊಳ್ಳಬಾರದಿತ್ತಾ ಎಂದು ನಮ್ಮವರೇ ಕೆಲವರು ಕೇಳಿದರು. ಹೆಸರು ಕೆಡುವುದಕ್ಕಿಂತ ನಾಲ್ಕು ಸಾವಿರ ಹೋಗುವುದು ವಾಸಿಯಂತೆ. ಬಹಳ ಯೋಚನೆ ಮಾಡಿದೆ. ತಿಂದ ಉಪ್ಪಿನಕಾಯಿಗೆ ದುಡ್ಡು ವಾಪಸ್ ಕೊಟ್ಟರೆ, ಉಪ್ಪಿನಕಾಯಿಯೇ ಸರಿಯಿರಲಿಲ್ಲ ಎಂದು ನಾನೇ ಒಪ್ಪಿದಂತೆ. ಅದು ಸುಳ್ಳು. ಕೆಲಸಕ್ಕೆ ಬರುವ ಇಬ್ಬರ ಕೂಲಿಯೂ ಆ ದುಡ್ಡಿನಲ್ಲೇ ಬರಬೇಕು. ಗದರಿಸಿದವರಿಗೆಲ್ಲ ಅದರಿಂದ ತೆಗೆದು ಕೊಡುವ ಹಕ್ಕು ನನಗಿಲ್ಲ.

ಗ್ರಾಹಕರ ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ಬೇಕೇ ಬೇಕು. ದೋಷ ಇರುವ ಸರಕನ್ನು ವಾಪಸ್ ತೆಗೆದುಕೊಳ್ಳಲ್ಲ, ದುಡ್ಡು ಕೊಡಲ್ಲ ಎಂದು ಮಾರುವವರು ಹೇಳುವಂತಿಲ್ಲ. ಸರಿಯಾದ ನಿಯಮ. ನಾನೂ ಆನ್‌ಲೈನ್‌ನಲ್ಲಿ ಮಿಕ್ಸಿ ಜಾರ್ ತರಿಸಿ ಒಡೆದು ಬಂದಾಗ ಕಣ್ಣೀರು ಹಾಕಿದವಳು. ಆಗ ಯಂತ್ರದ ಧ್ವನಿ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಿತ್ತೇ ಹೊರತು ಒಬ್ಬ ಮನುಷ್ಯರು ಮಾತಿಗೆ ಸಿಗಲಿಲ್ಲ. ದೊಡ್ಡವರ ಹತ್ತಿರ ಜನ ಬೈಯಲೂ ಆಗದೆ ಸೋತಿರುತ್ತಾರೆ. ನಮ್ಮಂಥವರು ಎರಡನೇ ರಿಂಗಿಗೇ ಫೋನ್ ಎತ್ತುತ್ತೇವೆ. ಅಲ್ಲೆಲ್ಲ ನುಂಗಿಕೊಂಡ ಸಿಟ್ಟೂ ಸೇರಿ ಇಲ್ಲಿ ಬೀಳುತ್ತದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನಡುವೆ ಎತ್ತಿ ಎಸೆದವರು ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಕೊರಿಯರ್ ಆಫೀಸಿಗೆ ಹೋದೆ. ಗಾಜಿನ ಸಾಮಾನು ‘ಓನರ್ಸ್ ರಿಸ್ಕ್’, ಅಂದರೆ ಒಡೆದರೆ ಕಳಿಸಿದವರದೇ ಹೊಣೆ, ಎಂದು ರಸೀದಿಯ ಹಿಂದಿನ ಸಣ್ಣಕ್ಷರ ತೋರಿಸಿದರು. ಸಹಿ ನನ್ನದೇ. ಸಹಿ ಹಾಕಿದ ಕೊರಿಯರ್ ರಸೀದಿಯಲ್ಲಿ ಪರಿಹಾರಕ್ಕೆ ಮಿತಿ ಹಾಕಿದ್ದರೆ ಅಷ್ಟೇ ಸಿಗುವುದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಸ್ಪೀಡ್ ಪೋಸ್ಟ್‌ನದೂ ಹೆಚ್ಚುಕಮ್ಮಿ ಅದೇ ದಾರಿ. ಒಳಗಿನ ವಸ್ತು ಹಾಳಾದರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು, ಎನ್ನುವುದು ವರ್ಷಗಳಿಂದ ನಡೆದುಬಂದ ನಿಯಮ. ಇನ್ನೂ ದಪ್ಪಗೆ ಪ್ಯಾಕ್ ಮಾಡೋಣ ಅಂದರೆ ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ಅವರ ಲೆಕ್ಕದ ಕೆಜಿ. 25, 20, 20ರ ಡಬ್ಬದಲ್ಲಿ ಒಂದು ಕೆಜಿ ಉಪ್ಪಿನಕಾಯಿ ಇಟ್ಟರೂ ಎರಡು ಕೆಜಿಯ ದುಡ್ಡು ಕೊಡಬೇಕು. ಬಬಲ್ ರ‍್ಯಾಪ್ ಒಂದು ಸುತ್ತು ಹೆಚ್ಚಾದರೆ ಅದೂ ಗ್ರಾಹಕರ ಬಿಲ್ಲಿಗೋ ನನ್ನ ಗಂಟಿಗೋ ಬರುತ್ತದೆ.

ಡಬ್ಬ ಬಿಚ್ಚುವಾಗಲೇ ತೆಗೆದ ಅನ್‌ಬಾಕ್ಸಿಂಗ್ ವಿಡಿಯೋ ಇಲ್ಲದಿದ್ದರೆ ರೀಫಂಡ್ ಇಲ್ಲ ಎಂದು ಬೋರ್ಡ್ ಹಾಕಿಬಿಡು ಅಂತ ಇದೇ ಕೆಲಸ ಮಾಡುವ ಗೆಳತಿಯರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನನ್ನ ಹತ್ತಿರ ತರಿಸುವವರಲ್ಲಿ ವಯಸ್ಸಾದವರು ಬಹಳ. ಧಾರವಾಡದ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ, ವರ್ಷಕ್ಕೆ ಎರಡು ಕೆಜಿ ತಪ್ಪದೆ ತರಿಸುತ್ತಾರೆ. ಹೋದ ವರ್ಷ ಅವರ ಜಾರ್ ಸೀಳಿ ರಸವೆಲ್ಲ ಸೋರಿಹೋಗಿತ್ತು. ನನಗೆ ಹೇಳಲೇ ಇಲ್ಲ. ಈ ವರ್ಷ ಆರ್ಡರ್ ಕೊಡುವಾಗ, ‘ಈ ಸಲ ಮುಚ್ಚಳ ಸ್ವಲ್ಪ ಗಟ್ಟಿ ಮಾಡವಾ’ ಅಂದಾಗಲೇ ಗೊತ್ತಾದದ್ದು. ಒಬ್ಬರು ಗದರಿಸಿದರು ಎಂದು ಅಂಥವರ ಕೈಗೆ ಒಂದು ಕಡೆ ಚಾಕು, ಇನ್ನೊಂದು ಕಡೆ ಮೊಬೈಲ್ ಹಿಡಿಸಿ, ನೀವು ಸುಳ್ಳು ಹೇಳುತ್ತಿಲ್ಲ ಎಂದು ಸಾಬೀತು ಮಾಡಿ ಅನ್ನಲೇ? ಒಂದು ಫೋಟೋ ಸಾಕು. ಫೋಟೋ ತೆಗೆಯಲು ಬಾರದಿದ್ದರೆ ಬಾಯಿಮಾತು ಸಾಕು. ಇಷ್ಟು ವರ್ಷ ಹಾಗೇ ನಡೆಸಿದ್ದೇವೆ. ಮೇಷ್ಟ್ರಿಗೆ ಹೋದ ವರ್ಷದ ಒಂದು ಕೆಜಿಯನ್ನೂ ಸೇರಿಸಿ ಮೂರು ಕಳಿಸಿದೆ.

ಬದಲಾಯಿಸುವುದು ಒಂದನ್ನೇ. ಇನ್ನು ಗಾಜಿನ ಬಾಟಲಿಯನ್ನು ಕೊರಿಯರ್‌ಗೆ ಹಾಕುವುದಿಲ್ಲ, ಎಷ್ಟು ದೊಡ್ಡ ಆರ್ಡರ್ ಆದರೂ. ಗಾಜೇ ಬೇಕೆಂದರೆ ಮನೆಗೆ ಬಂದು ಒಯ್ಯಿರಿ. ಬೆಂಗಳೂರಿಗೆ ಹೊರಟ ನಮ್ಮ ಪೈಕಿಯವರು ಯಾರಾದರೂ ಇದ್ದರೆ ತೊಡೆಯ ಮೇಲೆ ಇಟ್ಟುಕೊಂಡು ಬಂದು ಕೊಡುತ್ತಾರೆ. ಜಾರ್ ಸೋರಿದ್ದರೆ, ಒಡೆದಿದ್ದರೆ ಸಂಕೋಚ ಬೇಡ, ಎಷ್ಟು ಹೊತ್ತಿಗಾದರೂ ಫೋನ್ ಮಾಡಿ. ಮೇಷ್ಟ್ರ ಹಾಗೆ ಸುಮ್ಮನಿರಬೇಡಿ, ಅದೂ ನನಗೆ ನೋವೇ.

ಅವರು ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಕೊನೆಯ ಮೆಸೇಜಿನಲ್ಲಿ ಬರೆದಿದ್ದಾರೆ. ಹೋಗುವ ಹಕ್ಕು ಅವರಿಗಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಈಗಿನ ಕಾಯ್ದೆಯಂತೆ ಅವರು ಇರುವ ಊರಿನಲ್ಲೇ ದೂರು ಕೊಡಬಹುದು. ಬೆಂಗಳೂರಿಗೆ ನಾನೇ ಹೋಗಬೇಕಾಗುತ್ತದೆ, ಹೋಗುತ್ತೇನೆ. ಆರ್ಡರ್ ಕೊಟ್ಟಾಗಿನ ಮೆಸೇಜ್, ಗಾಜು ಬೇಡ ಎಂದು ನಾನು ಬರೆದದ್ದು, ಒಡೆದ ಡಬ್ಬದ ಫೋಟೋ, 1,620 ರೂಪಾಯಿ ಹಾಕಿದ ರಸೀದಿ, ಎಲ್ಲವನ್ನೂ ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿಟ್ಟಿದ್ದೇನೆ. ಅತ್ತೆಯೂ ಬರುತ್ತೇನೆ ಅನ್ನುತ್ತಿದ್ದಾರೆ. ಅಷ್ಟು ದೂರ ಬೇಡ, ಸೊಂಟ ನೋಯುತ್ತದೆ ಎಂದರೆ ಕೇಳುತ್ತಿಲ್ಲ.