ಗೆಳೆಯರಿಬ್ಬರು ಸೇರಿ ದತ್ತು ಪಡೆಯಬಹುದೇ? ಒಂದು ಸ್ಪಷ್ಟನೆ

'ಮದುವೆ, ಪ್ರೀತಿ ಏನೂ ಬೇಡ. ಫ್ರೆಂಡ್ಸ್ ವಿತ್ ಕಿಡ್ಸ್ ಸಿನಿಮಾದಲ್ಲಿ ಮಾಡಿದ ಹಾಗೆ ಇಬ್ಬರು ಗೆಳೆಯರು ಸೇರಿ ಇಲ್ಲೂ ಮಗು ದತ್ತು ತಗೋಬಹುದು' ಎಂಬ ಮೆಸೇಜ್ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮೊದಲಿಗೆ ಸಿನಿಮಾ. ಜೆನ್ನಿಫರ್ ವೆಸ್ಟ್‌ಫೆಲ್ಟ್ ಬರೆದು, ನಿರ್ದೇಶಿಸಿ, ನಟಿಸಿದ ಈ ಚಿತ್ರ 2012ರಲ್ಲಿ ತೆರೆ ಕಂಡಿತು. ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ. ಅಲ್ಲಿ ದತ್ತು ಇಲ್ಲ, ಮಗು ಆ ಗೆಳೆಯ-ಗೆಳತಿ ಹೆತ್ತದ್ದೇ. ಪ್ರೀತಿ ಕೊನೆವರೆಗೂ ದೂರವೇ ಉಳಿಯುತ್ತದಾ? ರೊಮ್ಯಾಂಟಿಕ್ ಕಾಮಿಡಿ ಅಲ್ವಾ, ನೀವೇ ಊಹಿಸಿ.

ಇನ್ನು ನಮ್ಮ ಕಾನೂನು. ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ (CARA) ನಿಯಮದ ಪ್ರಕಾರ ಜೋಡಿಯಾಗಿ ದತ್ತು ಪಡೆಯಲು ಮದುವೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು. ಒಂಟಿ ಹೆಣ್ಣು ಗಂಡುಮಗುವನ್ನೋ ಹೆಣ್ಣುಮಗುವನ್ನೋ ಪಡೆಯಬಹುದು. ಒಂಟಿ ಗಂಡಿಗೆ ಹೆಣ್ಣುಮಗು ಕೊಡುವುದಿಲ್ಲ. ಅಂದರೆ ಗೆಳೆಯರಲ್ಲಿ ಒಬ್ಬರ ಹೆಸರಷ್ಟೇ ಕಾಗದದಲ್ಲಿರುತ್ತದೆ. ಬಾಡಿಗೆ ತಾಯ್ತನವೂ ಗೆಳೆಯರ ಜೋಡಿಗೆ ಸಿಗದು. 2021ರ ಕಾಯ್ದೆ ಅದನ್ನು ದಂಪತಿಗೆ, ಇಲ್ಲವೇ 35ರಿಂದ 45 ವಯಸ್ಸಿನ ವಿಧವೆ, ವಿಚ್ಛೇದಿತೆಯರಿಗೆ ಮಾತ್ರ ಬಿಟ್ಟಿದೆ.

ಹಾಗಂತ ಮದುವೆಯಿಲ್ಲದೆ ಮಗು ಹೆರುವುದು ಅಪರಾಧ ಎಂದು ಸುಮ್ನೆ ಹೆದರಿಸಬೇಡಿ. ಅದು ಅಪರಾಧವಲ್ಲ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಲು ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.