ಕೊರ್ತಿ-ಕೊಲ್ಹಾರ ಸೇತುವೆ ಮೇಲಿನ ಟಕ್ ಟಕ್

ಮೊನ್ನೆ ಬಾಗಲಕೋಟೆ ನವನಗರದಿಂದ ವಿಜಯಪುರಕ್ಕೆ ಹೊರಟಿದ್ದೆ. ಪಕ್ಕದ ಸೀಟಲ್ಲಿ ನಮ್ಮ ಕಾಕಾ, 30 ವರ್ಷ ಸೆಂಟ್ರಿಂಗ್ ಕೆಲಸ ಮಾಡಿದವರು. ಅನಗವಾಡಿ ಹತ್ರ ಘಟಪ್ರಭೆ ದಾಟಿ, ಬೀಳಗಿ ಕ್ರಾಸ್ ಬಿಟ್ಟು ಕೊರ್ತಿಗೆ ಬಂದ್ರೆ ಕೃಷ್ಣೆ ಕಾಣ್ತಾಳೆ. ಆಲಮಟ್ಟಿಯ ಹಿನ್ನೀರು, ಕಣ್ಣು ಹಾಯೋವರೆಗೂ ನೀರು. ಅದರ ಮೇಲೆ ಕೊಲ್ಹಾರದವರೆಗೆ ಸುಮಾರು 3 ಕಿಲೋಮೀಟರ್ ಸೇತುವೆ. ಎಷ್ಟೋ ಸಲ ದಾಟಿದ್ದೇನೆ, ನೀರು ನೋಡಿಕೊಂಡು ಸುಮ್ನೆ ಹೋಗಿದ್ದೇನೆ ಅಷ್ಟೇ.

"ತಮ್ಮಾ, ಹಾಡು ಬಂದ್ ಮಾಡು, ಗ್ಲಾಸ್ ಇಳಸು" ಅಂದ್ರು ಕಾಕಾ.

ಟಕ್. ಟಕ್. ಟಕ್. ಇಷ್ಟು ವರ್ಷ ಅದನ್ನ ರಸ್ತೆ ಸರಿಯಿಲ್ಲ ಅಂತ ಬಯ್ದುಕೊಂಡು ಹೋಗಿದ್ದೆ. ಅದು ಎಕ್ಸ್‌ಪಾನ್ಶನ್ ಜಾಯಿಂಟ್, ಬೇಕಂತಲೇ ಬಿಟ್ಟ ಸಂದು.

ಮನೆಗೆ ಬಂದು ಲೆಕ್ಕ ಹಾಕಿದೆ. ಕಾಂಕ್ರೀಟ್ ಒಂದು ಡಿಗ್ರಿ ಬಿಸಿಗೆ, ಒಂದು ಮೀಟರ್ ಉದ್ದಕ್ಕೆ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಏನೂ ಅಲ್ಲ ಅನ್ಸುತ್ತೆ ಅಲ್ವಾ? ನಮ್ಮ ಕಡೆ ಜನವರಿಯ ಬೆಳಗಿನ ಚಳಿಗೂ ಮೇ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ ಅಂತ ಹಿಡಿಯಿರಿ. 3 ಕಿಲೋಮೀಟರಿಗೆ 90 ಸೆಂಟಿಮೀಟರ್ ಆಯ್ತು. ಬರೋಬ್ಬರಿ ಎರಡು ಮೊಳ! ಇಷ್ಟುದ್ದದ ಸೇತುವೆಯನ್ನ ಒಂದೇ ತುಂಡಾಗಿ ಹಾಕಿದ್ರೆ ಆ ಎರಡು ಮೊಳ ಎಲ್ಲಿಗೆ ಹೋಗಬೇಕು? ಅದನ್ನೇ ಸ್ವಲ್ಪ ಸ್ವಲ್ಪವಾಗಿ ಎಲ್ಲ ಜಾಯಿಂಟ್‌ಗಳಿಗೂ ಹಂಚಿರ್ತಾರೆ.

ಕೆಳಗಿನ ಸಂಗತಿ ಇನ್ನೂ ಚಂದ. ಇಂಥ ಸೇತುವೆಗಳಲ್ಲಿ ತೊಲೆ ನೇರವಾಗಿ ಕಂಬದ ಮೇಲೆ ಕೂರೋದಿಲ್ಲ, ನಡುವೆ ಬೇರಿಂಗ್ ಇರುತ್ತೆ. ಎಷ್ಟೋ ಕಡೆ ಅದು ಬರೀ ರಬ್ಬರ್, ಪದರದ ನಡುವೆ ಉಕ್ಕಿನ ತಗಡು. "ರೊಟ್ಟಿ ಮ್ಯಾಲ ರೊಟ್ಟಿ ಪೇರಿಸಿದಂಗ" ಅಂತ ಕಾಕಾ ಅಂಗೈ ಮೇಲೆ ಅಂಗೈ ಇಟ್ಟು, ಮೇಲಿನದನ್ನ ಒಂಚೂರು ಸರಿಸಿ ತೋರಿಸಿದ್ರು. ಕೆಳಗಿನ ಕೈ ಅಲ್ಲಾಡಲಿಲ್ಲ. ತೊಲೆ ಹಿಗ್ಗಿ ಕುಗ್ಗಿದಾಗ, ಲಾರಿಗಳ ಭಾರ ಹೊತ್ತುಕೊಂಡೇ ಆ ರಬ್ಬರ್ ಹಾಗೆ ಓರೆಯಾಗುತ್ತೆ, ಕಂಬಕ್ಕೆ ಜಾಸ್ತಿ ಒತ್ತಡ ಹೋಗೋದಿಲ್ಲ.

ಇದೆಲ್ಲ ಯಾಕೆ ಬರೀತಿದ್ದೇನೆ ಅಂದ್ರೆ, ನಮ್ಮೂರ ಹತ್ತಿರ ಹಳ್ಳಕ್ಕೆ ಒಂದು ಸಣ್ಣ ಸೇತುವೆ ಇದೆ. ಹೋದ ವರ್ಷ ಅಲ್ಲಿ ರಸ್ತೆ ನುಣುಪಾಗಲಿ ಅಂತ ಜಾಯಿಂಟ್ ಮೇಲೇ ಡಾಂಬರು ಎಳೆದರು. ಒಂದು ಬೇಸಿಗೆ ಕಳೆಯೋದರೊಳಗೆ ಸರಿಯಾಗಿ ಅದೇ ಗೆರೆಗೆ ಬಿರುಕು. ಪಕ್ಕದ ನೀರು ಹೋಗೋ ತೂತುಗಳಲ್ಲಿ ಮಣ್ಣು, ಜಲ್ಲಿ, ಗುಟ್ಕಾ ಚೀಟಿ. ಮಳೆ ಬಂದ್ರೆ ನೀರು ಬಿರುಕಿನಿಂದ ಇಳಿದು ತೊಲೆಯ ತುದಿಗೇ ಸೇರುತ್ತೆ, ಒಳಗಿನ ಸರಳು ತುಕ್ಕು ಹಿಡಿಯೋಕೆ ಇನ್ನೇನು ಬೇಕು? ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ದೊಡ್ಡ ಖರ್ಚೇನೂ ಬೇಡ, ಮಳೆಗಾಲದ ಮೊದಲು ನಾಲ್ಕು ಜನ ಸಲಿಕೆ, ಕಬ್ಬಿಣದ ಸರಳು ಹಿಡಿದು ಒಂದು ದಿನ ನಿಂತರೆ ತೂತುಗಳೆಲ್ಲ ಸ್ವಚ್ಛ ಆಗ್ತವೆ. ಅರ್ಜಿ ಬರೆದಿದ್ದೇನೆ. ಊರಿನವರೂ ಸಹಿ ಹಾಕಿಕೊಡಿ, ನಾನು ತಗೊಂಡು ಹೋಗಿ ಕೊಡ್ತೀನಿ.

ವಾಪಸ್ ಬರುವಾಗ ಕೊಲ್ಹಾರದ ಮೊಸರಿನ ಗಡಿಗೆ ಕಾಕಾನ ತೊಡೆ ಮೇಲಿತ್ತು. ಇಬ್ಬರೂ ಟಕ್ ಟಕ್ ಎಣಿಸುತ್ತಾ ಬಂದೆವು. ಅರ್ಧ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದನ್ನ ದಾಟೋ ಗಡಿಬಿಡಿಯಲ್ಲಿ ನನ್ನ ಲೆಕ್ಕ ತಪ್ಪಿತು. ಕಾಕಾ ಮಾತ್ರ ಬೆರಳು ಮಡಚಿಕೊಂಡು ಎಣಿಸ್ತಾನೇ ಇದ್ರು.