ತುಮಕೂರಲ್ಲಿ ಏನಿದೆ ಅಂತ ಕೇಳುವ ಮಕ್ಕಳಿಗೆ

ಕಾಲೇಜು ಅಡ್ಮಿಷನ್ ಮುಗಿಯುತ್ತಿದ್ದ ಹಾಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. "ತುಮಕೂರಲ್ಲಿ ನೋಡೋಕೆ ಏನಿದೆ? ತಿನ್ನೋಕೆ ಎಲ್ಲಿಗೆ ಹೋಗ್ಬೇಕು?" ಕೇಳಿದವರು ಉತ್ತರಕ್ಕೂ ಕಾಯುವುದಿಲ್ಲ. ಶನಿವಾರ ಮಧ್ಯಾಹ್ನ ಕ್ಲಾಸು ಬಿಟ್ಟರೆ ಸಾಕು, ಬ್ಯಾಗು ಹೆಗಲಿಗೆ ಹಾಕಿಕೊಂಡು ರೈಲು ಹತ್ತುತ್ತಾರೆ. ಬೆಂಗಳೂರು ಸುಮಾರು 70 ಕಿಲೋಮೀಟರ್, ಮಾಲು ಸುತ್ತಿ ಭಾನುವಾರ ರಾತ್ರಿ ವಾಪಸ್. ನಾಲ್ಕು ವರ್ಷ ಹೀಗೇ ಕಳೆದು, ಡಿಗ್ರಿ ತಗೊಂಡು, "ಆ ಊರಲ್ಲಿ ಏನೂ ಇಲ್ಲ" ಅಂತ ಹೇಳಿ ಹೋಗುವವರನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಈ ಮಕ್ಕಳು ತುಮಕೂರನ್ನು ಸಂಜೆ ಹೊತ್ತು ಹುಡುಕುತ್ತಾರೆ. ನಮ್ಮದು ಬೆಳಗಿನ ಊರು. ಇಲ್ಲಿನ ಒಳ್ಳೆಯ ತಿಂಡಿ, ಒಳ್ಳೆಯ ಬೆಟ್ಟ ಎಲ್ಲವೂ ಬೇಗ ಎದ್ದವರಿಗೆ ಸಿಗುತ್ತವೆ.

ಬೆಂಗಳೂರು ರಸ್ತೆಯಲ್ಲಿ ಊರಿನ ಅಂಚಿಗಿರುವ ಕ್ಯಾತ್ಸಂದ್ರದಿಂದ ಶುರು ಮಾಡಿ. ತಟ್ಟೆ ಇಡ್ಲಿ ಅಂದರೆ ಕ್ಯಾತ್ಸಂದ್ರ. ಬಿಡದಿಯವರು ತಮ್ಮದೂ ಚೆನ್ನಾಗಿದೆ ಅಂತಾರೆ, ಇರಬಹುದು. ಆದರೆ ನಾನು ಕ್ಯಾತ್ಸಂದ್ರವನ್ನು ಬಿಟ್ಟುಕೊಡುವುದಿಲ್ಲ. ಅಗಲವಾದ ತಟ್ಟೆಗಳಿಗೆ ಹಿಟ್ಟು ಹುಯ್ದು, ಒಂದರ ಮೇಲೊಂದು ಜೋಡಿಸಿ, ಹಬೆಯಲ್ಲಿ ಬೇಯಿಸಿ ತೆಗೆಯುತ್ತಾರೆ. ಮೇಲೆ ಒಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಬೆಣ್ಣೆ ಇಟ್ಟ ಕೂಡಲೇ ಕರಗಿ ಅಂಚಿನ ಕಡೆ ಹರಿಯಬೇಕು. ಹರಿಯದಿದ್ದರೆ ಇಡ್ಲಿ ಆರಿದೆ ಅಂತ ಅರ್ಥ, ಸಂಕೋಚ ಬಿಟ್ಟು ಬಿಸಿಯದು ಕೇಳಿ. ಪವಿತ್ರಾ ಹೋಟೆಲಿನ ಹೆಸರು ಎಲ್ಲರೂ ಹೇಳುತ್ತಾರೆ, ಆ ಹೆಸರಿಗೆ ತಕ್ಕ ರುಚಿಯೂ ಇದೆ. ಅದೊಂದೇ ಅಲ್ಲ, ಆ ರಸ್ತೆಯಲ್ಲಿ ಎಲ್ಲಿ ಜನ ನಿಂತುಕೊಂಡು ತಿನ್ನುತ್ತಿದ್ದಾರೋ ಅಲ್ಲಿಗೆ ಧೈರ್ಯವಾಗಿ ಹೋಗಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ತಟ್ಟೆ ಇಡ್ಲಿಯನ್ನು ಆ್ಯಪಿನಲ್ಲಿ ಹಾಸ್ಟೆಲ್‌ಗೆ ತರಿಸಿಕೊಳ್ಳಬೇಡಿ. ಡಬ್ಬದೊಳಗೆ ಬೆವರಿ, ಅಂಟಂಟಾಗಿ, ಬೆಣ್ಣೆಯೆಲ್ಲ ಚಟ್ನಿಗೆ ಸೇರಿ ಬರುತ್ತದೆ. ಅದನ್ನು ತಿಂದು "ಇಷ್ಟೇನಾ?" ಅನ್ನುವುದು ನ್ಯಾಯವಲ್ಲ.

ಅಲ್ಲಿಂದ ಸಿದ್ಧಗಂಗಾ ಮಠ ಹತ್ತಿರವೇ. ಮಠಕ್ಕೆ ಹೋಗುವುದನ್ನು ಬರೀ ದೇವರ ದರ್ಶನ ಅಂದುಕೊಳ್ಳಬೇಡಿ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅವರು ಬೆಳೆಸಿದ ದಾಸೋಹ ಇವತ್ತಿಗೂ ನಡೆಯುತ್ತಿದೆ. ಸಾವಿರಾರು ಮಕ್ಕಳು ಅಲ್ಲೇ ಉಳಿದು, ಅಲ್ಲೇ ಉಂಡು ಓದುತ್ತಾರೆ, ಜಾತಿ ಕೇಳುವವರಿಲ್ಲ. ಬೆಳಗಿನ ಜಾವ ಆ ಮಕ್ಕಳ ಪ್ರಾರ್ಥನೆ ಕೇಳಿ. ಪಂಕ್ತಿಯಲ್ಲಿ ಕೂತು ಊಟ ಮಾಡಿ. ಎಲೆಯಲ್ಲಿ ಒಂದು ಅಗುಳೂ ಬಿಡಬೇಡಿ. ಊಟಕ್ಕೆ ಕೂತ ಮಕ್ಕಳ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೋ ಮಾಡುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅವರು ನಿಮ್ಮ ರೀಲ್ಸಿಗೆ ಕೂತವರಲ್ಲ. ಶಿವರಾತ್ರಿ ಸುಮಾರಿಗೆ ಜಾತ್ರೆ, ದನಗಳ ಪರಿಷೆ ಇರುತ್ತದೆ. ಆ ವಾರ ಮಾತ್ರ ಬೆಂಗಳೂರಿಗೆ ಹೋಗಲೇಬೇಡಿ.

ಮಧ್ಯಾಹ್ನದ ಊಟಕ್ಕೆ ಮುದ್ದೆ. ಬಿ.ಎಚ್. ರಸ್ತೆಯ ಅಕ್ಕಪಕ್ಕ, ಬಸ್ ಸ್ಟ್ಯಾಂಡ್ ಸುತ್ತಮುತ್ತ ಮುದ್ದೆ ಊಟ ಸಿಗುತ್ತದೆ. ಬೇರೆ ಕಡೆಯಿಂದ ಬಂದವರು ಮೊದಲ ಸಲ ಅಗಿಯಲು ಹೋಗಿ ಒದ್ದಾಡುತ್ತಾರೆ. ಅಗಿಯಬೇಡಿ, ಚಿಕ್ಕದಾಗಿ ಮುರಿದು ಸಾರಿನಲ್ಲಿ ಅದ್ದಿ ನುಂಗಿ. ಬಸ್ಸಾರು ಇದ್ದ ದಿನ ಬೇರೇನೂ ಕೇಳಬೇಡಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಸೊಗಡು ಬಂದಾಗ ಹಿತಕಿದ ಬೇಳೆ ಸಾರು ಎಲ್ಲಿ ಮಾಡುತ್ತಾರೆ ಅಂತ ವಿಚಾರಿಸಿಕೊಂಡು ಹೋಗಿ. ಇಲ್ಲಿಯವರೇ ಆದ ಕ್ಲಾಸ್‌ಮೇಟ್ ಇದ್ದರೆ ಅವರ ಮನೆಗೇ ಹೋಗಿ. ನಮ್ಮ ಊರಿನ ಅಮ್ಮಂದಿರು ಮಗನ ಸ್ನೇಹಿತರಿಗೆ ಎರಡನೇ ಮುದ್ದೆ ಹಾಕದೆ ಕಳಿಸುವುದಿಲ್ಲ. ಹಲಸಿನ ಕಾಲದಲ್ಲಿ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಹಣ್ಣು ಹುಡುಕಿ. ತಾಮ್ರದ ಬಣ್ಣದ ತೊಳೆಯ ಸಿದ್ದು ಹಲಸು ಆ ಕಡೆಯದೇ.

ಇನ್ನು ಬೆಟ್ಟ. ದೇವರಾಯನದುರ್ಗ ಊರಿಂದ ಸುಮಾರು 15 ಕಿಲೋಮೀಟರ್. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ದಾರಿಯ ಕಾಡಿನಲ್ಲಿ ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಕಥೆ. ಬಂಡೆಯ ಆ ಪುಟ್ಟ ಕುಳಿಯಲ್ಲಿ ಇವತ್ತೂ ನೀರು ನೋಡಬಹುದು. ನನಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿ ಸೇರುತ್ತದೆ. ಇಲ್ಲೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಮೇಲೆ ನಿಂತು ಎರಡೂ ಕಡೆ ಒಮ್ಮೆ ನೋಡಿ. ಇಂಥ ಜಾಗಕ್ಕೆ ಚಿಪ್ಸ್ ಪೊಟ್ಟಣ ತಂದು ಕೋತಿಗಳಿಗೆ ಎಸೆದು ಹೋಗುತ್ತಾರಲ್ಲ, ದಯವಿಟ್ಟು ನೀವು ಹಾಗೆ ಮಾಡಬೇಡಿ. ತಂದ ಬಾಟಲಿ, ಕವರ್ ಎಲ್ಲ ಬ್ಯಾಗಿನಲ್ಲೇ ವಾಪಸ್ ತನ್ನಿ. ಬಸ್ಸುಗಳು ಕಡಿಮೆ, ಹಾಗಾಗಿ ಹೊರಡುವ ಮೊದಲೇ ವಾಪಸ್ ಬರುವ ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಿ.

ಮಧುಗಿರಿ ಬೇರೆಯೇ ಲೆಕ್ಕ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು, ಅದರ ಮೇಲೆ ಕೋಟೆ. ಅರ್ಧ ದಾರಿಯವರೆಗೆ ಸುಲಭ ಅನ್ನಿಸುತ್ತದೆ. ಆಮೇಲೆ ಬಂಡೆಯಲ್ಲೇ ಕೊರೆದ ಸಣ್ಣ ಸಣ್ಣ ಹೆಜ್ಜೆಗುಳಿಗಳು, ಕೆಳಗೆ ನೋಡಿದರೆ ಕಾಲು ನಡುಗುತ್ತದೆ. ಮಳೆ ಬಂದ ದಿನ ಹೋಗಬೇಡಿ. ಚಪ್ಪಲಿಯಲ್ಲಂತೂ ಹತ್ತಲೇಬೇಡಿ. ಬಿಸಿಲೇರುವ ಮುಂಚೆ ಇಳಿದು ಬರುವ ಹಾಗೆ ಹೊರಡಿ. ಅಷ್ಟೆಲ್ಲ ಆಗಲ್ಲ ಅನ್ನುವವರಿಗೆ ಊರಿನ ಹತ್ತಿರವೇ ಮಂದಾರಗಿರಿ ಇದೆ, ನಾವು ಬಸದಿ ಬೆಟ್ಟ ಅಂತೀವಿ. ಮೆಟ್ಟಿಲು ಹತ್ತಿದರೆ ಹಳೆಯ ಜೈನ ಬಸದಿಗಳು, ಹಿಂದುಗಡೆ ಮೈದಾಳ ಕೆರೆ, ಕೆಳಗೆ ಜೈನ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿ ಕುಂಚದ (ಪಿಂಛಿ) ಆಕಾರದಲ್ಲಿ ಕಟ್ಟಿದ ಗುರುಮಂದಿರ. ಬೆಳಿಗ್ಗೆ ಹೋದರೆ ಕೆರೆ ಕಡೆಯ ಗಾಳಿಗೆ ಕೂತಲ್ಲಿಂದ ಏಳೋಕೆ ಮನಸ್ಸಾಗಲ್ಲ.

ಸೈಕಲ್ ಇದ್ದವರು ಗೂಳೂರು, ಕೈದಾಳದ ಕಡೆ ಹೋಗಿ. ಗೂಳೂರಿನ ದೊಡ್ಡ ಗಣಪತಿಯನ್ನು ಬಲಿಪಾಡ್ಯಮಿಯ ದಿನ ಪ್ರತಿಷ್ಠಾಪಿಸಿ ತಿಂಗಳಿಗೂ ಹೆಚ್ಚು ಕಾಲ ಪೂಜೆ ಮಾಡುತ್ತಾರೆ. ಹಾಗಾಗಿ ಊರೆಲ್ಲ ಗಣೇಶನ ಹಬ್ಬ ಮುಗಿಸಿದ ಮೇಲೆ ಇಲ್ಲಿ ಹಬ್ಬ. ಕೈದಾಳದ ಚೆನ್ನಕೇಶವ ಹೊಯ್ಸಳರ ಕಾಲದ್ದು. ಬೇಲೂರಿನಲ್ಲಿ ಕೈ ಕಳೆದುಕೊಂಡ ಜಕಣಾಚಾರಿಗೆ ಇಲ್ಲಿ ಕೈ ಮರಳಿ ಬಂತು ಅಂತ ಜನ ನಂಬುತ್ತಾರೆ. ಬೇಲೂರಿನ ಜನಜಂಗುಳಿ ಇಲ್ಲಿಲ್ಲ. ಆ ಮೂರ್ತಿಯ ಮುಂದೆ ಬೇಕಾದಷ್ಟು ಹೊತ್ತು ನಿಂತು ನೋಡಬಹುದು. ಶಿರಾ ರಸ್ತೆಯ ಸೀಬಿ ನರಸಿಂಹ ದೇವಸ್ಥಾನದ ಛಾವಣಿಯ ಹಳೆಯ ಬಣ್ಣದ ಚಿತ್ರಗಳನ್ನೂ ಬಿಡಬೇಡಿ.

ಸಂಜೆಗೆ ಅಮಾನಿಕೆರೆ ಸಾಕು. ನಾಟಕ ಇದ್ದರೆ ಗುಬ್ಬಿ ವೀರಣ್ಣ ಕಲಾಕ್ಷೇತ್ರ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿ ಇಲ್ಲೇ ಪಕ್ಕದ ಊರು. ಆ ನೆಲಕ್ಕೆ ಬಂದು ಒಂದೂ ನಾಟಕ ನೋಡದೆ ಹೋಗಬೇಡಿ.

ಕೊನೆಗೆ ಊರಿನವರಿಗೂ ಒಂದು ಮಾತು. ಮಕ್ಕಳನ್ನಷ್ಟೇ ದೂರಿ ಏನು ಪ್ರಯೋಜನ? ಗಾಡಿ ಇಲ್ಲದ ಹಾಸ್ಟೆಲ್ ಹುಡುಗಿ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟು ದೇವರಾಯನದುರ್ಗ ನೋಡಿಕೊಂಡು ಮಧ್ಯಾಹ್ನಕ್ಕೆ ನಿಶ್ಚಿಂತೆಯಿಂದ ವಾಪಸ್ ಬರುವ ಹಾಗಿರಬೇಕು. ಭಾನುವಾರ ಬೆಳಿಗ್ಗೆ ದುರ್ಗಕ್ಕೆ, ಬಸದಿ ಬೆಟ್ಟಕ್ಕೆ, ಕೈದಾಳಕ್ಕೆ ಹೆಚ್ಚು ಬಸ್ಸು ಬಿಡಲಿ. ಬೆಟ್ಟದ ಬುಡದಲ್ಲಿ ಶುಚಿಯಾದ ಶೌಚಾಲಯ, ಕುಡಿಯೋ ನೀರು ಇರಲಿ. ಬಸ್ ಸ್ಟ್ಯಾಂಡಿನಲ್ಲಿ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ನಿಮಗೆ ಗೊತ್ತಿರುವ ಕಾರ್ಪೊರೇಟರು, ಡಿಪೋದವರು ಯಾರಾದರೂ ಇದ್ದರೆ ಈ ಬರಹವನ್ನು ಅವರಿಗೆ ಕಳಿಸಿ.